ಚಿಲಕ ಹಾಕದ ಕೋಣೆ

ಜನವರಿ 9

ಪ್ರೀತಿಯ ಅತ್ತಿಗೆ,

ಕಳೆದ ಭಾನುವಾರ ಅಣ್ಣನ ಜೊತೆ ಫೋನಿನಲ್ಲಿ ಹರಟುತ್ತಿದ್ದಾಗ ಹಿಂದಿನಿಂದ ನೀವು ಕೂಗಿದ್ದು ಕೇಳಿಸಿತು: "ಅಂಗಡಿ ವಿಳಾಸಕ್ಕೆ ಒಂದ್ ಕಾಗದ ಬರಿಯೇ, ಮಧ್ಯಾಹ್ನ ಗಿರಾಕಿನೇ ಇರಲ್ಲ, ಓದ್ಕೊಂಡ್ ಕೂತಿರ್ತೀನಿ." ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರಿಂದ ಅಕ್ಷರ ಓದಿಸುವವರಿಗೆ ತಾವೂ ಏನಾದರೂ ಓದೋಣ ಎನ್ನಿಸುವುದು ಸಹಜ ಬಿಡಿ. ನನಗೂ ಒಬ್ಬರ ಹತ್ತಿರ ಬುದ್ಧಿ ಕೇಳಬೇಕಿತ್ತು.

ಸುದ್ದಿ ಏನೆಂದರೆ, ಕೊನೆಗೂ ನನ್ನ ಮೊದಲ ಸಿನಿಮಾಕ್ಕೆ ನಿರ್ಮಾಪಕರು ಸಿಕ್ಕಿದ್ದಾರೆ. ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಂತೆ. ಇಡೀ ಕಥೆ ಒಂದೇ ಕೋಣೆಯಲ್ಲಿ ನಡೆಯಬೇಕು, ಕ್ಯಾಮೆರಾ ಬಾಗಿಲು ದಾಟುವಂತಿಲ್ಲ. ಅವರು ಇದನ್ನು ಮುಖ ಸಣ್ಣದು ಮಾಡಿಕೊಂಡು ಹೇಳಿದರು. ನಾನು ಒಳಗೊಳಗೇ ಕುಣಿದೆ. ನನಗೆ ಮೊದಲಿನಿಂದಲೂ ಇಂಥ ಸಿನಿಮಾಗಳ ಹುಚ್ಚು, ಅದನ್ನು ಹಚ್ಚಿದವನು ಅಣ್ಣನೇ. ನಾನು ಶಾಲೆಗೆ ಹೋಗುತ್ತಿದ್ದಾಗ ಅವನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಕಥೆ ಪೂರ್ತಿ ಕೆಟ್ಟು ನಿಂತ ಲಿಫ್ಟಿನೊಳಗೆ. ಪಕ್ಕದ ಸೀಟಿನವರು ಗೊರಕೆ ಹೊಡೆಯುತ್ತಿದ್ದರು, ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಮುಗಿದು ಆಚೆ ಬಂದಾಗ ಅಣ್ಣ ಫುಟ್‌ಪಾತಿನ ಮೇಲೆ ಎರಡೂ ಕೈ ಚಾಚಿ ನಿಂತು, "ನೋಡೇ, ಬೀದಿ ಎಷ್ಟ್ ಅಗಲ ಇದೆ! ಬೆಳಿಗ್ಗೆ ಇಷ್ಟ್ ಇರ್ಲಿಲ್ಲ" ಅಂದ. ಇಂಥ ಸಿನಿಮಾಗಳಲ್ಲಿ ಅಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ.

ಈಗ ನನ್ನ ಕೈಯಲ್ಲಿ ಇರುವುದು ಇಷ್ಟು: ಒಬ್ಬ ಗಂಡಸು, ಒಂದು ಕೋಣೆ, ಅವನು ಆಚೆ ಬರಲಾರ. ಮುಂದಕ್ಕೆ ತಲೆ ಓಡುತ್ತಿಲ್ಲ. ನೀವು ದಿನಾ ನೂರೆಂಟು ಜನರನ್ನು ನೋಡುವವರು. ಏನಾದರೂ ಹೊಳೆದರೆ ಬರೆಯಿರಿ.

ಅಣ್ಣ ಅವತ್ತು ಹೊಸ ವಿದ್ಯಾರ್ಥಿನಿಯೊಬ್ಬರ ಕಥೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ. ವೈಪರ್ ಹಾಕಿ ಎಂದರೆ ಹಾರ್ನ್ ಒತ್ತಿ, ಎದುರಿಗಿದ್ದ ಪೊಲೀಸರಿಗೆ ನಮಸ್ಕಾರ ಬೇರೆ ಮಾಡಿದರಂತೆ. ಅವನು ಡ್ರೈವಿಂಗ್ ಕಲಿಸುವುದು ಬಿಟ್ಟು ಕಥೆ ಬರೆಯಬೇಕಿತ್ತು.

ನಿಮ್ಮ ನಾದಿನಿ


ಜನವರಿ 21

ಚಿನಕುರಳಿ,

ನಿನ್ನ ಕಾಗದ ಬಂತು. ಓದುತ್ತಾ ನಕ್ಕದ್ದಕ್ಕೆ ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿ ನೋಡಿದರು.

ನಾನು ಸಿನಿಮಾ ನೋಡುವವಳಲ್ಲ ಎಂದು ನಿನಗೆ ಗೊತ್ತು. ಕತ್ತಲಲ್ಲಿ ಕೂರಿಸಿದರೆ ನನಗೆ ನಿದ್ದೆ ಬರುತ್ತದೆ. ನಿಮ್ಮ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆದದ್ದು ನಾನೇ ಇದ್ದರೂ ಇರಬಹುದು. ಆದರೆ ಕೋಣೆಯ ವಿಷಯ ಕೇಳಿದ್ದೀಯ, ಅದರಲ್ಲಿ ಒಂದಿಷ್ಟು ಹೇಳಬಲ್ಲೆ.

ನಮ್ಮ ಅಂಗಡಿಗೆ ಬರುವ ಗಿರಾಕಿಯೊಬ್ಬಳಿದ್ದಾಳೆ, ನನ್ನ ವಯಸ್ಸಿನವಳೇ. ಅವಳ ಗಂಡ ಕಳೆದ ಬೇಸಿಗೆಯಿಂದ ಮನೆಯ ಮುಂದಿನ ಕೋಣೆ ಬಿಟ್ಟು ಆಚೆ ಬಂದಿಲ್ಲ. ಕೈಕಾಲು ಗಟ್ಟಿಯಾಗಿವೆ, ಜ್ವರವಿಲ್ಲ, ಊಟ ಬಿಟ್ಟಿಲ್ಲ. ಕೋಣೆಗೆ ಅಂಟಿಕೊಂಡೇ ಬಚ್ಚಲಿದೆ. ಹಾಗಾಗಿ ಬರಲೇಬೇಕಾದ ಕಾರಣವೂ ಇಲ್ಲ. "ಡಾಕ್ಟರ ಹತ್ರ ಹೋಗೋಣ" ಎಂದು ಅವಳು ಹೇಳಿ ನೋಡಿದಳು. ಹೋಗಬೇಕಾದರೆ ಆಚೆ ಕಾಲಿಡಬೇಕಲ್ಲ! ಆ ಕಾಯಿಲೆಗೆ ಆ ಔಷಧಿ ಹೇಗೆ ಕೊಡುವುದು ಹೇಳು.

ಅವಳು ಹೇಳುವ ಪ್ರಕಾರ ಇಕ್ಕಟ್ಟಿನಲ್ಲಿ ಸಣ್ಣದೆಲ್ಲ ದೊಡ್ಡದಾಗುತ್ತದೆ, ನಮ್ಮ ಅಂಗಡಿಯ ಭೂತಗನ್ನಡಿಯ ಕೆಳಗೆ ಇಟ್ಟ ಹಾಗೆ. ಅವನು ಲೋಟವನ್ನು ಮೇಜಿನ ಮೇಲೆ ಇಡುವ ಸದ್ದಿನಿಂದಲೇ ಅವಳಿಗೆ ಆ ದಿನ ಹೇಗಿದೆ ಎಂದು ತಿಳಿಯುತ್ತದೆ. ಮೆಲ್ಲಗೆ ಇಟ್ಟರೆ ಕೆಟ್ಟ ದಿನ. ಕುಕ್ಕಿದರೆ ಪರವಾಗಿಲ್ಲ, ಸಿಟ್ಟಾದರೂ ಉಳಿದಿದೆ ಎಂದು ಅವಳು ನೆಮ್ಮದಿಯಿಂದ ಕೆಲಸಕ್ಕೆ ಹೊರಡುತ್ತಾಳೆ. ಇದು ನಿನ್ನ ಸಿನಿಮಾಕ್ಕೆ ಆಗುತ್ತದೋ ಇಲ್ಲವೋ ನೋಡು.

ಇವರು ಇದ್ದಾರೆ. ನೀನೇ ವಾರವಾರ ಮಾತಾಡುತ್ತೀಯಲ್ಲ. ಊರಿಗೆಲ್ಲ ಕಾರು ಓಡಿಸಲು ಕಲಿಸಿದವರ ಹೆಂಡತಿ ನಾನು, ಸ್ಟೇರಿಂಗ್ ಮುಟ್ಟಿದವಳಲ್ಲ. ಬಸ್ಸಿನ ಹೊತ್ತಾಯಿತು, ನಿಲ್ಲಿಸುತ್ತೇನೆ.

ಅತ್ತಿಗೆ


ಫೆಬ್ರವರಿ 2

ಅತ್ತಿಗೆ, ಅತ್ತಿಗೆ, ಅತ್ತಿಗೆ!

ಲೋಟ ಇಡುವ ಸದ್ದು! ನಾನು ಆ ಸಾಲನ್ನು ನಿರ್ಮಾಪಕರಿಗೆ ಓದಿ ಹೇಳಿದೆ, ಅವರೂ ಟೀ ಲೋಟವನ್ನು ಎರಡು ಬಾರಿ ಇಟ್ಟು ನೋಡಿದರು. ನಿಮ್ಮ ಗಿರಾಕಿಯ ಗಂಡನೇ ನನ್ನ ನಾಯಕ, ತೀರ್ಮಾನವಾಯಿತು. ಅವರಿಗೆ ಗೊತ್ತಾಗದ ಹಾಗೆ ಇನ್ನಷ್ಟು ಕೇಳಿ ತಿಳಿದುಕೊಂಡು ಬರೆಯಿರಿ. ಇದು ಕದಿಯುವುದಲ್ಲ, ಹೆಸರು ಊರು ಏನೂ ಹಾಕುವುದಿಲ್ಲ.

ಒಂದೇ ತೊಡಕು ಬಾಗಿಲು. ಅವನನ್ನು ಯಾರು ಕೂಡಿಹಾಕಿದ್ದಾರೆ? ನಿರ್ಮಾಪಕರು ಹೊರಗಿನಿಂದ ದೊಡ್ಡ ಬೀಗ ಜಡಿಯೋಣ ಎನ್ನುತ್ತಾರೆ, ನಾನು ಒಳಗಿನ ಚಿಲಕ ಕೆಟ್ಟಿರಲಿ ಎನ್ನುತ್ತೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ನೋಡುವವರಿಗೆ ಅವನು ಆಚೆ ಬರಲಾರ ಎಂಬುದು ಖಾತ್ರಿಯಾಗಬೇಕು. ಥಿಯೇಟರಿನಲ್ಲಿ ಅವರೂ ಒಂದು ಬಗೆಯ ಬಂದಿಗಳೇ ತಾನೇ? ತಾವೇ ಟಿಕೆಟ್ ತೆಗೆದುಕೊಂಡು ಕತ್ತಲ ಡಬ್ಬಿಯೊಳಗೆ ಬಂದು ಕೂತವರು. ನಮ್ಮ ಕಥೆಯ ಗೋಡೆ ಅವರ ಗೋಡೆಯೂ ಆದರೆ ಗೆದ್ದೆವು.

ನೀವು ಹೇಳಿ, ಬೀಗವೋ ಚಿಲಕವೋ?

ನಾದಿನಿ


ಫೆಬ್ರವರಿ 16

ಚಿನಕುರಳಿ,

ಎರಡೂ ಬೇಡ. ಆ ಮನೆಯ ಬಾಗಿಲಿಗೆ ಚಿಲಕ ಹಾಕುವುದೇ ಇಲ್ಲ. ಹಗಲೆಲ್ಲ ತೆರೆದೇ ಇರುತ್ತದೆ, ಗಾಳಿ ಬಂದರೆ ಪಟಪಟ ಬಡಿಯುತ್ತದೆ. ಬಾಗಿಲಿನಿಂದ ಗೇಟಿನವರೆಗೆ ಜಗಲಿ, ನಾಲ್ಕು ಮೆಟ್ಟಿಲು, ಒಂದು ಹೂಕುಂಡ, ಅಷ್ಟೇ. ಬೀಗ ಇದ್ದಿದ್ದರೆ ಅವಳು ಎಂದೋ ಒಡೆದು ಹಾಕುತ್ತಿದ್ದಳು. ಇಲ್ಲದ ಬೀಗ ಒಡೆಯುವುದು ಹೇಗೆಂದು ಅವಳಿಗೆ ತಿಳಿಯದು.

ಇನ್ನೊಂದು ವಿಷಯ. ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ. ಹೊರಗೆ ಗಾಡಿಗಳ ಸದ್ದು ಜೋರಾದಾಗ, ಅದರಲ್ಲೂ ಯಾರಾದರೂ ಗಕ್ಕನೆ ಹಾರ್ನ್ ಹೊಡೆದಾಗ, ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಒತ್ತಿ ಹಿಡಿಯುತ್ತದೆ. ಆ ಜಾಗದಲ್ಲಿ ಚಾಪೆಯ ಬಣ್ಣ ಸವೆದು ಹೋಗಿದೆ.

ಮತ್ತೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು "ಬರ್ತೀನಿ" ಅನ್ನುತ್ತಾಳೆ, ನಾವೆಲ್ಲ ಅನ್ನುವ ಹಾಗೆ. ಹೋಗುವವರು "ಹೋಗ್ತೀನಿ" ಅನ್ನಬಾರದಲ್ಲ. ಅವನು "ಹೂಂ" ಅನ್ನುತ್ತಾನೆ. ಮೊದಲು ಅವರಿಬ್ಬರೂ ಒಬ್ಬರಿಗೊಬ್ಬರು ಹೇಳುತ್ತಿದ್ದ ಮಾತು ಅದು. ಈಗ ಆ ಮನೆಯಲ್ಲಿ "ಬರ್ತೀನಿ" ಎನ್ನುವುದು ಒಬ್ಬಳ ಪಾಲಿಗೇ ಉಳಿದಿದೆ. ಎಲ್ಲಿಗೂ ಹೋಗದವರಿಗೆ ಆ ಮಾತಿನ ಕೆಲಸವೇನು?

ನೀನು ಒಳಗಿರುವವನ ಬಗ್ಗೆಯೇ ಕೇಳುತ್ತೀಯ. ಹೊರಗೆ ತಟ್ಟೆ ಹಿಡಿದು ನಿಂತವಳ ಬಗ್ಗೆ ಯಾವ ಸಿನಿಮಾದವರೂ ಕೇಳುವುದಿಲ್ಲವೇನೋ.

ಅತ್ತಿಗೆ


ಮಾರ್ಚ್ 5

ಅತ್ತಿಗೆ,

ಉತ್ತರ ತಡವಾಯಿತು, ಬೈಯಬೇಡಿ. ಸೆಟ್ ಕಟ್ಟಿದ್ದಾಗಿದೆ, ಶೂಟಿಂಗ್ ಶುರುವಾಗಿದೆ. ನೀವು ಬಂದು ನೋಡಬೇಕು: ಕುರ್ಚಿ, ಕಿಟಕಿ, ಚಿಲಕವಿಲ್ಲದ ಬಾಗಿಲು. ಬಾಗಿಲ ವಿಷಯಕ್ಕೆ ನಿರ್ಮಾಪಕರ ಜೊತೆ ಮಹಾಯುದ್ಧವಾಯಿತು. "ಬೀಗನೇ ಇಲ್ಲ ಅಂದ್ರೆ ಅವನ್ಯಾಕಮ್ಮ ಆಚೆ ಬರಲ್ಲ? ಜನ ಕಲ್ಲು ಹೊಡೀತಾರೆ" ಅಂದರು. "ಹೊಡೀಲಿ ಸಾರ್, ಕಲ್ಲು ಹೊಡೆಯೋಕಾದ್ರೂ ಎದ್ದು ನಿಲ್ತಾರಲ್ಲ" ಅಂದೆ. ಗೆದ್ದೆ.

ಆ ಬಲಗಾಲಿನ ಗುಟ್ಟನ್ನೂ ಕಂಡುಹಿಡಿದೆ! ನಿಮ್ಮ ಗಿರಾಕಿ ಹೇಳಿರಲಿಕ್ಕಿಲ್ಲ, ಆದರೆ ಅವಳ ಗಂಡ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನೇ ಇರಬೇಕು. ಅವರಿಗೆ ಬಲಗಾಲಿನ ಕೆಳಗೊಂದು ಪೆಡಲ್ ಇರುತ್ತದೆ. ಬೀದಿಯ ಸದ್ದು ಅವನ ಕಿವಿಗೆ ತಾಳವಾಗಿ ಕೇಳುತ್ತದೆ, ಕಾಲು ತಾನಾಗಿ ಬಾರಿಸುತ್ತದೆ. ಎಷ್ಟು ಚೆಂದ! ನಟನಿಗೆ ಹೀಗೇ ಹೇಳಿಕೊಟ್ಟಿದ್ದೇನೆ. ಹಾರ್ನ್ ಕೇಳಿದೊಡನೆ ಅವನ ಕಾಲು ಕುಣಿಯುತ್ತದೆ, ಮುಖದಲ್ಲಿ ಸಣ್ಣ ನಗು ಬರುತ್ತದೆ. ಅದನ್ನು ನೋಡಿ ಸೆಟ್ಟಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಯ ದೃಶ್ಯ ಮಾತ್ರ ಇನ್ನೂ ಸಿಕ್ಕಿಲ್ಲ. ಅವನು ಬಾಗಿಲಲ್ಲಿ ನಿಂತು "ಬರ್ತೀನಿ" ಅನ್ನುತ್ತಾನೆ ಎಂದು ಬರೆದಿದ್ದೆ. ನಿರ್ಮಾಪಕರು, "ಅಂದ್ರೆ ಹೋಗ್ತಾನೋ, ಬರ್ತಾನೋ?" ಎಂದು ಕೇಳಿದರು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ನಾನೇನು ಮಾಡಲಿ? ನಿಮ್ಮ ಗಿರಾಕಿಯನ್ನು ಕೇಳಿ, ಇದು ಹೇಗೆ ಮುಗಿಯಬೇಕು ಅಂತಾರೆ?

ನಾದಿನಿ


ಮಾರ್ಚ್ 28

ಚಿನಕುರಳಿ,

ಅವನು ಡ್ರಮ್ಸ್ ಬಾರಿಸುವವನಲ್ಲ. ಅವನಿಗೆ ಆಗ ನಗು ಬರುವುದಿಲ್ಲ.

ಹೇಗೆ ಮುಗಿಯಬೇಕೆಂದು ಕೇಳಿದ್ದೀಯ. ಅವಳಿಗೆ ಗೊತ್ತಿದ್ದರೆ ನಿನಗೆ ಕಾಗದ ಬರೆಯುತ್ತಾ ಕೂರುತ್ತಿರಲಿಲ್ಲ.

ಅಂಗಡಿಯಲ್ಲಿ ಕೆಲಸ ಬಹಳ.

ಅತ್ತಿಗೆ


ಏಪ್ರಿಲ್ 11

ಅತ್ತಿಗೆ,

ನೀವು ಸಿಟ್ಟಿನಲ್ಲಿ ಕೈತಪ್ಪಿ ಬರೆದಿರಿ ಎಂದುಕೊಂಡೆ. "ನಿನಗೆ ಕಾಗದ ಬರೆಯುತ್ತಾ ಕೂರುತ್ತಿರಲಿಲ್ಲ" ಎಂದಿತ್ತು. ಗಿರಾಕಿ ನನಗೆ ಯಾಕೆ ಕಾಗದ ಬರೆಯುತ್ತಾಳೆ? ಎರಡು ದಿನ ಆ ಸಾಲನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ, ಆಗಲೂ ತಲೆಗೆ ಹೋಗಲಿಲ್ಲ.

ನಿನ್ನೆ ಶೂಟಿಂಗಿಗೆ ಟ್ಯಾಕ್ಸಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕುವುದಕ್ಕೂ ಮೊದಲೇ ನನ್ನ ಬಲಗಾಲು ಮ್ಯಾಟನ್ನು ಒತ್ತಿ ಹಿಡಿದಿತ್ತು. ಅವರು ನೋಡಿ ನಕ್ಕರು: "ಮೇಡಂ, ಆ ಕಡೆ ಬ್ರೇಕ್ ಇರಲ್ಲ."

ಆ ಕಡೆಯೂ ಬ್ರೇಕ್ ಇರುವ ಕಾರನ್ನು ನಾನು ನೋಡಿದ್ದು ಒಂದೇ. ಅದರಲ್ಲೇ ನಾನು ಕಲಿತದ್ದು. ಪಕ್ಕದಲ್ಲಿ ಅಣ್ಣ ಕೂತು, "ಹೆದರ್ಬೇಡ, ನಿಂದು ತಪ್ಪಿದ್ರೆ ನಂದು ಇದೆ" ಅನ್ನುತ್ತಿದ್ದ.

ಅತ್ತಿಗೆ, ಅದು ಅಣ್ಣ.

ಜಗಲಿ, ನಾಲ್ಕು ಮೆಟ್ಟಿಲು, ಹೂಕುಂಡ. ಆ ಮೆಟ್ಟಿಲ ಮೇಲೆ ಆಡಿ ಬೆಳೆದವಳು ನಾನು. ನೀವು ನಮ್ಮ ಮನೆಯನ್ನೇ ಬರೆದು ಕಳಿಸಿದಿರಿ, ನಾನು ಅದನ್ನು ಬಡಗಿಗೆ ಕೊಟ್ಟು ಪ್ಲೈವುಡ್ಡಿನಲ್ಲಿ ಕಟ್ಟಿಸಿದೆ. ಕಟ್ಟಿಸಿ, ಅದರೊಳಗೆ ಒಬ್ಬನನ್ನು ಕೂರಿಸಿ, ಅಣ್ಣನ ಭಯಕ್ಕೆ ತಾಳ ಹಾಕಿಸಿ ಚಪ್ಪಾಳೆ ಹೊಡೆಸಿದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ನನಗೆ ನಾಚಿಕೆಯಾಗುತ್ತಿದೆ. ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ. ನನ್ನ ಅಣ್ಣ ಅವನು! ಒಂದು ಸಾಲು ನೇರವಾಗಿ ಬರೆಯಲು ನಿಮ್ಮ ಪೆನ್ನಿಗೇನಾಗಿತ್ತು? ಭಾನುವಾರದ ಆ ಕಥೆಗಳೆಲ್ಲ ಏನು ಹಾಗಾದರೆ?

ಸಿನಿಮಾ ಹಾಳಾಗಿ ಹೋಗಲಿ. ಹೊರಟು ಬರುತ್ತೇನೆ.


ಏಪ್ರಿಲ್ 19

ಚಿನಕುರಳಿ,

ಬರಬೇಡ. ಮೊದಲು ಇದನ್ನು ಪೂರ್ತಿ ಓದು.

ಕಳೆದ ಬೇಸಿಗೆಯಲ್ಲಿ ಇವರು ಪೋಸ್ಟ್ ಆಫೀಸಿನ ಗುಮಾಸ್ತೆಯೊಬ್ಬರಿಗೆ ಕಲಿಸುತ್ತಿದ್ದರು. ಮಾರುಕಟ್ಟೆ ತಿರುವಿನಲ್ಲಿ ಅಜ್ಜರೊಬ್ಬರು ಫುಟ್‌ಪಾತಿನಿಂದ ಕೆಳಗಿಳಿದರು. ಆಯಮ್ಮ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದರು. ಇವರು ಆಗ ಏನೋ ತಮಾಷೆ ಹೇಳಿ ತಾವೇ ನಗುತ್ತಿದ್ದರಂತೆ, ತಮ್ಮ ಕಡೆಯ ಬ್ರೇಕ್ ಒತ್ತುವಷ್ಟರಲ್ಲಿ ತಡವಾಗಿತ್ತು. ಅಜ್ಜರ ಕಾಲು ಮುರಿಯಿತು. ಈಗ ಕೂಡಿಕೊಂಡಿದೆ, ಕೋಲು ಹಿಡಿದು ಓಡಾಡುತ್ತಾರೆ. ನಮ್ಮ ಅಂಗಡಿಗೇ ಬಂದಿದ್ದರು. ಎರಡೂ ಕಣ್ಣಿಗೆ ಪೊರೆ. "ನಿಮ್ಮ್ ಯಜಮಾನ್ರಿಗೆ ಹೇಳಮ್ಮ, ನಾನೂ ನೋಡ್ಲಿಲ್ಲ, ಅವರೊಬ್ಬರದೇ ತಪ್ಪಲ್ಲ" ಅಂದರು. ನಾನು ಓಡೋಡಿ ಬಂದು ಹೇಳಿದೆ. ಇವರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಇವರನ್ನು ಯಾರೂ ಬೈಯಲಿಲ್ಲ, ಪೊಲೀಸರೂ ಹೆಚ್ಚು ಕಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಾರನ್ನು ಮನೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಟಾರ್ಪಾಲು ಹೊದಿಸಿ, ಒಳಗೆ ಹೋದವರು ಹೋದರು.

ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡರು. "ಅವಳಿಗೆ ಗೊತ್ತಾದ್ರೆ ಸಿನಿಮಾ ಬಿಟ್ಟು ಓಡಿ ಬರ್ತಾಳೆ. ಅವಳ ಜೀವನ ನನ್ನಿಂದ ನಿಲ್ಬಾರ್ದು" ಅಂದರು. ನೀನು ಅದನ್ನೇ ಮಾಡಲು ಹೊರಟಿದ್ದೀಯ ನೋಡು. ಭಾನುವಾರದ ಆ ವೈಪರ್ ಕಥೆಗಳೆಲ್ಲ ಇವರು ವಾರವಿಡೀ ಕೂತು ಕಟ್ಟಿದವು. ನಿನ್ನ ಫೋನು ಬರುವ ಮೊದಲು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ನನ್ನ ಮುಂದೆ ಒಮ್ಮೆ ಹೇಳಿ ನೋಡುತ್ತಾರೆ, "ನಗು ಬರತ್ತಾ?" ಎಂದು ಕೇಳುತ್ತಾರೆ. ನಾನು ನಗುತ್ತೇನೆ. ಸದ್ದುಗಳನ್ನೇ ಹಿಡಿದು ಸಿನಿಮಾ ಮಾಡುವವಳು ನೀನು. ಅವರ ಮಾತಿನ ಹಿಂದೆ ಒಂದು ದಿನವೂ ಬೀದಿಯ ಸದ್ದು ಇರಲಿಲ್ಲ, ಅದು ನಿನಗೆ ಕೇಳಿಸಬೇಕಿತ್ತು.

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ ನಿಜ. ಬರೆಯುವುದಿಲ್ಲ ಎಂದು ಕೊಟ್ಟಿರಲಿಲ್ಲ. ಫೋನು ಇರುವುದು ಅವರ ಕೋಣೆಯಲ್ಲಿ, ಅದಕ್ಕೇ ಅಂಗಡಿಯ ವಿಳಾಸ. ನೀನು ಎರಡನೇ ಕಾಗದದಲ್ಲೇ ಹಿಡಿದುಬಿಡುತ್ತೀಯ ಅಂದುಕೊಂಡಿದ್ದೆ. ನೀನು ಡ್ರಮ್ಸ್ ತಂದೆ. ನಿನ್ನ ಕಣ್ಣಿನ ನಂಬರ್ ಬದಲಾಗಿದೆ ಕಣೇ, ಬಂದಾಗ ನೋಡುತ್ತೇನೆ.

ಒಂದು ಮಾತು ಹೇಳಲಾ? ಒಂದೇ ಕೋಣೆಯ ಸಿನಿಮಾ ಚೆಂದ ಕಾಣುವುದು ಕೊನೆಯಲ್ಲಿ ದೀಪ ಹತ್ತುತ್ತದೆ ಎಂದು ಗೊತ್ತಿರುವವರಿಗೆ. ನನಗೆ ಸಾಕಾಗಿದೆ. ಬಸ್ಸಿನಲ್ಲಿ ಅಳುತ್ತೇನೆ, ಗೇಟಿನ ಹತ್ತಿರ ಮುಖ ಒರೆಸಿಕೊಳ್ಳುತ್ತೇನೆ. ಅವರನ್ನು ಕಂಡರೆ ಕರುಳು ಚುರುಕ್ಕೆನ್ನುತ್ತದೆ, ಮರುಗಳಿಗೆ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ಹೀಗೇ ಇದ್ದುಬಿಡುತ್ತಾರೇನೋ ಎಂಬುದೊಂದೇ ನನ್ನ ಹೆದರಿಕೆ.

ಅತ್ತಿಗೆ


ಮೇ 3

ಅತ್ತಿಗೆ,

ನಾನು ಬರಲಿಲ್ಲ. ಮೂರು ಸಲ ಚೀಲ ತುಂಬಿ ಮೂರು ಸಲ ಖಾಲಿ ಮಾಡಿದೆ. ನಾನು ಬಂದರೆ ಅವನು ತನ್ನಿಂದ ಇನ್ನೊಂದು ಅಪಘಾತವಾಯಿತು ಎಂದುಕೊಳ್ಳುತ್ತಾನೆ. ಭಾನುವಾರ ಮಾತಾಡಿದೆ, ಗೊತ್ತಿರುವುದನ್ನು ತೋರಿಸಿಕೊಳ್ಳಲಿಲ್ಲ. ಪಾರ್ಕಿಂಗ್ ಮಾಡುವಾಗ ಕನ್ನಡಿಯಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಂಡ ಹುಡುಗಿಯ ಕಥೆ ಹೇಳಿದ. ನೀವು ಮೊದಲೇ ಕೇಳಿರುತ್ತೀರಿ. ನಾನೂ ನಕ್ಕೆ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಹಿಂದೆ ಬೀದಿಯ ಸದ್ದು ಇರಲಿಲ್ಲ. ಹೌದು, ಕೇಳಿಸಬೇಕಿತ್ತು.

ನಾನೂ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಕೊನೆಯ ದೃಶ್ಯ ಜೂನ್ ಮುಗಿಯುವುದರೊಳಗೆ ಸಿಗದಿದ್ದರೆ ಸಿನಿಮಾವನ್ನು ಬೇರೆಯವರ ಕೈಗೆ ಕೊಡುತ್ತೇವೆ ಎಂದು ನಿರ್ಮಾಪಕರು ಫೆಬ್ರವರಿಯಲ್ಲೇ ಹೇಳಿದ್ದರು. ಈಗ ಅದರ ಚಿಂತೆಯೂ ಹೋಯಿತು. ಡ್ರಮ್ಸ್ ಕಿತ್ತು ಹಾಕಿದೆ. ನಗು ಇದ್ದ ದೃಶ್ಯಗಳನ್ನೆಲ್ಲ ಮತ್ತೆ ತೆಗೆದೆವು. ಕ್ಯಾಮೆರಾವನ್ನು ಎರಡು ಹೆಜ್ಜೆ ಹಿಂದಕ್ಕೆ, ಬಾಗಿಲ ಆಚೆಗೆ ತಂದೆ. ಈಗ ಚೌಕಟ್ಟಿನಲ್ಲಿ ತಟ್ಟೆ ಹಿಡಿದ ಹೆಂಗಸೊಬ್ಬಳು ನಿಂತಿದ್ದಾಳೆ. ನಿರ್ಮಾಪಕರು, "ಬಾಗಿಲು ದಾಟಬಾರ್ದು ಅಂದಿರ್ಲಿಲ್ವಾ?" ಅಂದರು. "ಇಷ್ಟು ದಿನ ತಪ್ಪು ಕಡೆ ನಿಂತಿದ್ವಿ ಸಾರ್" ಅಂದೆ.

ಒಂದು ಯೋಚನೆ ಬಂದಿದೆ. ಅವನನ್ನು "ಆಚೆ ಬನ್ನಿ" ಅನ್ನಬೇಡಿ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆಯಿರಿ. ಕಾರು ಅಂದರೇನು? ನಾಲ್ಕು ಬಾಗಿಲಿನ ಸಣ್ಣ ಕೋಣೆ. ನಿಂತಲ್ಲೇ ನಿಂತಿರಲಿ, ಟಾರ್ಪಾಲು ತೆಗೆದು ಇಬ್ಬರೂ ಅದರಲ್ಲಿ ಕೂತು ಟೀ ಕುಡಿಯಿರಿ.

ನಿಮ್ಮನ್ನು ಇಷ್ಟು ದಿನ ಒಂಟಿಯಾಗಿ ಬಿಟ್ಟದ್ದಕ್ಕೆ ಸಂಕಟವಾಗುತ್ತದೆ, ಅತ್ತಿಗೆ.

ನಾದಿನಿ


ಜೂನ್ 8

ಚಿನಕುರಳಿ,

ತಿಂಗಳು ಸುಮ್ಮನಿದ್ದೆ, ನೀನು ಏನೇನು ಅಂದುಕೊಂಡೆಯೋ. ಬರೆಯಲು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ.

ನಿನ್ನ ಯೋಚನೆ ಚೆನ್ನಾಗಿತ್ತು, ಕೆಲಸ ಮಾಡಲಿಲ್ಲ. ಟಾರ್ಪಾಲು ತೆಗೆಸಿ, ಗ್ಯಾರೇಜಿನವರಿಂದ ಸತ್ತ ಬ್ಯಾಟರಿ ಬದಲಾಯಿಸಿ, ಕಾರು ತೊಳೆಸಿದೆ. "ರೀ, ಬನ್ನಿ, ಕಾರಲ್ಲಿ ಕೂತು ಟೀ ಕುಡಿಯೋಣ" ಎಂದು ಕರೆದೆ. ಅವರು ನನ್ನನ್ನೇ ನೋಡಿ, "ಟೀ ಇಲ್ಲೇ ಕುಡೀಬಹುದಲ್ಲ" ಅಂದರು. ಅದೂ ನ್ಯಾಯವೇ. ಒಂದು ವಾರ ಕರೆದೆ, ಎರಡು ವಾರ ಕರೆದೆ, ಟೀ ಆರಿತು.

ಕಳೆದ ಶನಿವಾರ ಸಂಜೆ ನನಗೆ ರೇಗಿಹೋಯಿತು. ಉಪಾಯವಲ್ಲ, ಬರೀ ಸಿಟ್ಟು. ಕಪ್ಪನ್ನು ಮೇಜಿನ ಮೇಲೆ ಕುಕ್ಕಿ, ಗೋಡೆಯ ಮೊಳೆಯಿಂದ ಕೀ ತೆಗೆದುಕೊಂಡು ಹೋಗಿ ಸ್ಟೇರಿಂಗಿನ ಮುಂದೆ ಕೂತೆ. ಈ ಜನ್ಮದಲ್ಲಿ ಮೊದಲ ಸಲ. ಕೀ ತಿರುಗಿಸಿದರೆ ಅದು ಹಾರಿ ಬಿದ್ದು ಆರಿಹೋಯಿತು. ಮತ್ತೆ ತಿರುಗಿಸಿದೆ, ಮತ್ತೆ ಹಾರಿ ಹೂಕುಂಡಕ್ಕೆ ಗುದ್ದಿತು. ಇವರು ಕೂರುವ ಕಿಟಕಿ ಅಲ್ಲಿಂದ ಕೈಗೆಟುಕುವಷ್ಟು ಹತ್ತಿರ. ಆ ಕಡೆ ನೋಡಲೇ ಇಲ್ಲ. ಗೇರಿನ ಕೋಲನ್ನು ಅತ್ತಿತ್ತ ಎಳೆದಾಡಿದ ಮೇಲೆ ಮೂರನೇ ಸಲ ಹೇಗೋ ಚಾಲೂ ಆಯಿತು. ಮತ್ತೆ ಅದೇ ಕೋಲು ಹಿಡಿದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ನೂಕಿದೆ. ಕರ್ರ್ ಎಂದು ಎಂಥ ಸದ್ದು ಅಂತೀಯ! ನನ್ನ ಹಲ್ಲೇ ಜುಮ್ಮೆಂದಿತು. ಬಿಡಲಿಲ್ಲ, ಇನ್ನೊಮ್ಮೆ ನೂಕಿದೆ.

"ಕ್ಲಚ್! ಕ್ಲಚ್ ಒತ್ತೇ ಮಾರಾಯ್ತಿ! ಗೇರ್‌ಬಾಕ್ಸ್ ಕೊಂದ್ಹಾಕ್ತಿದೀಯಾ!"

ಕಿಟಕಿಯಲ್ಲಿ ಮುಖ. ವರ್ಷದಿಂದ ಆ ಗಂಟಲಲ್ಲಿ ಅಷ್ಟು ಜೋರು ಕೇಳಿರಲಿಲ್ಲ. "ಕ್ಲಚ್ ಯಾವುದು?" ಎಂದೆ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಎಡಗಾಲು, ಎಡಗಾಲು!" "ಎಡಗಾಲಲ್ಲೇ ಒತ್ತಿದೀನಿ!" "ಅದು ಬ್ರೇಕು!" ಎಂದು ತಲೆ ಚಚ್ಚಿಕೊಂಡರು. ನಾನು ಮತ್ತೆ ಕರ್ರ್ ಎನ್ನಿಸಿದೆ. ಇಷ್ಟು ವರ್ಷ ಎಷ್ಟೋ ಜನರಿಗೆ ಕಲಿಸಿದವರು, ಅವರ ಕಾರು, ಅವರ ಕಿವಿ. ತಡೆಯಲಾಗಲಿಲ್ಲ. ಮುಖ ಕಿಟಕಿಯಿಂದ ಮಾಯವಾಯಿತು.

ಬಾಗಿಲಲ್ಲಿ ಬಂದು ನಿಂತರು. ಇಂಜಿನ್ ಗುರುಗುಟ್ಟುತ್ತಿತ್ತು. ಜಗಲಿಯ ಕಂಬ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಬೆವರುತ್ತಿದ್ದರು, ಅಂಗಿ ಒದ್ದೆಯಾಗಿತ್ತು. ವಾಪಸ್ ಹೋಗುತ್ತಾರೆ ಅಂದುಕೊಂಡೆ. ಆಮೇಲೆ ನಾಲ್ಕು ಮೆಟ್ಟಿಲು ಇಳಿದು, ಕಾರಿನ ಆ ಕಡೆಯ ಬಾಗಿಲು ತೆರೆದು, ತಮ್ಮ ಸೀಟಿನಲ್ಲಿ ಕೂತರು.

"ಬಲಗಾಲು ಎತ್ತು. ಎಡಗಾಲು ಪೂರ್ತಿ ಒತ್ತು. ಮೊದಲನೇ ಗೇರು. ಈಗ ಮೆಲ್ಲಗೆ ಬಿಡು, ಮೆಲ್ಲ..." ನನಗೆ ಮೆಲ್ಲಗೆ ಎಲ್ಲಿ ಬರುತ್ತದೆ? ಕಾರು ಚಂಗನೆ ಗೇಟಿನ ಕಡೆ ನೆಗೆಯಿತು. ನಾನು ಕಣ್ಣು ಮುಚ್ಚಿಕೊಂಡು ಅಯ್ಯೋ ಎಂದು ಕಿರುಚಿದೆ.

ಕಾರು ನಿಂತಿತು. ಕಣ್ಣು ಬಿಟ್ಟರೆ ಗೇಟಿಗೆ ಒಂದು ಗೇಣು ದೂರ. ಇವರ ಬಲಗಾಲು ತಮ್ಮ ಕಡೆಯ ಬ್ರೇಕಿನ ಮೇಲಿತ್ತು. ಅದನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಚಿಕ್ಕ ದನಿಯಲ್ಲಿ, "ಹಿಡೀತು ಕಣೇ" ಅಂದರು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಹಾರ್ನ್ ಬೇರೆ ಒತ್ತಿಹೋಗಿ ಎದುರು ಮನೆಯವರೆಲ್ಲ ಹೊರಗೆ ಬಂದರು.

ಎಲ್ಲ ಸರಿಹೋಯಿತು ಎಂದು ಬರೆಯುವುದಿಲ್ಲ. ಭಾನುವಾರ ಕೋಣೆಯಿಂದ ಏಳಲೇ ಇಲ್ಲ, ನಿನಗೆ ಫೋನಿನಲ್ಲಿ ಕಥೆಯನ್ನೂ ಹೇಳಲಿಲ್ಲ. ನಿನ್ನೆ ಮತ್ತೆ ಬಂದು ಕೂತರು. ಗೇಟು ಇನ್ನೂ ಮುಚ್ಚಿಯೇ ಇದೆ. ಅದನ್ನು ತೆರೆಯುವ ದಿನ ಡಾಕ್ಟರ ಮನೆ ದಾರಿ ಹಿಡಿಸುತ್ತೇನೆ. ಅಲ್ಲಿಯವರೆಗೆ ನಾನು ಜಾಣೆಯಾಗದೆ ಇದ್ದರೆ ಸಾಕು. ಆ ಭಯವಿಲ್ಲ, ಕ್ಲಚ್ ನನ್ನ ಹಣೆಯಲ್ಲಿ ಬರೆದಿಲ್ಲ.

ನಿನ್ನ ಕೊನೆಯ ದೃಶ್ಯಕ್ಕೆ ಒಂದು ವಿಷಯ ಉಳಿಸಿಟ್ಟಿದ್ದೇನೆ, ಬೇಕಾದರೆ ತೆಗೆದುಕೋ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ನಿನಗೆ ಎಲ್ಲ ಗೊತ್ತೆಂದೂ ಹೇಳಿದ್ದೇನೆ.

ಶನಿವಾರ ಜಗಲಿಯ ಕಂಬ ಬಿಟ್ಟು ಮೆಟ್ಟಿಲಿಗೆ ಕಾಲಿಡುವ ಮೊದಲು ಅವರು ಒಮ್ಮೆ ಹಿಂದಕ್ಕೆ ತಿರುಗಿದರು. ನಾನು ಕಾರಿನಲ್ಲಿದ್ದೆ, ಮನೆಯೊಳಗೆ ಒಂದು ನೊಣವೂ ಇರಲಿಲ್ಲ. ಆ ಕೋಣೆಯ ಕಡೆ ನೋಡಿ ಅವರು "ಬರ್ತೀನಿ" ಅಂದರು.

ನಿನ್ನ ಅತ್ತಿಗೆ